ಹೊತ್ತಿಲ್ಲ ಎಂದವರು, ಹೊತ್ತುಕೊಂಡವರು

ನ್ಯೂಜಿಲೆಂಡಿನ ವಕೀಲರ ನಡವಳಿಕೆಗೆಂದು 2008ರಲ್ಲಿ ಬಂದ ನಿಯಮಾವಳಿಯೊಂದಿದೆ. ಅದರ ನಾಲ್ಕನೆಯ ನಿಯಮದ ಪ್ರಕಾರ, ಕಚೇರಿ ತೆರೆದು ಕೂತ ವಕೀಲ ಹುಡುಕಿಕೊಂಡು ಬಂದ ಕಕ್ಷಿದಾರನನ್ನು ಸಕಾರಣವಿಲ್ಲದೆ ಹಿಂದಕ್ಕೆ ಕಳಿಸುವಂತಿಲ್ಲ. ಅವನ ಮೇಲಿನ ಆರೋಪ ಕೇಳಿದರೇ ಹೇಸಿಗೆಯಾಗುತ್ತದೆ ಎನ್ನುವುದು ಸಕಾರಣವಾಗುವುದಿಲ್ಲ. ಊರೆಲ್ಲ ಅವನ ಮುಖಕ್ಕೆ ಉಗಿಯುತ್ತಿದೆ ಎನ್ನುವುದೂ ಆಗುವುದಿಲ್ಲ. ಇದು ಗೆಲ್ಲುವ ಕೇಸಲ್ಲ ಎನ್ನುವುದಂತೂ ನಡೆಯದು. ನಿಯಮ ಒಪ್ಪುವ ಕಾರಣಗಳು ಕೆಲವೇ ಕೆಲವು. ಅವುಗಳಲ್ಲಿ ಒಂದು, ವಕೀಲನಿಗೆ ಬಿಡುವಿಲ್ಲದಿರುವುದು.

2021ರಲ್ಲಿ ನ್ಯೂಜಿಲೆಂಡ್ ಲಾ ಸೊಸೈಟಿ, ನ್ಯಾಯ ಎಷ್ಟು ಜನರ ಕೈಗೆ ಎಟಕುತ್ತಿದೆ ಎಂದು ತಿಳಿಯಲು ವಕೀಲರ ನಡುವೆ ಸಮೀಕ್ಷೆಯೊಂದನ್ನು ಮಾಡಿಸಿತು. ಸರ್ಕಾರದ ಕಾನೂನು ನೆರವಿನ ಕೇಸುಗಳನ್ನು ಹಿಡಿಯುವ ವಕೀಲರಲ್ಲಿ ಮುಕ್ಕಾಲು ಪಾಲು ಮಂದಿ ಹಿಂದಿನ ಒಂದು ವರ್ಷದಲ್ಲಿ ಬಂದವರನ್ನು ವಾಪಸು ಕಳಿಸಿದ್ದರು. ಹಾಗೆ ವಾಪಸಾದವರು ಒಟ್ಟು 20,000ಕ್ಕೂ ಹೆಚ್ಚು ಎಂಬ ಅಂದಾಜು ಹೊರಬಿತ್ತು. 50 ಲಕ್ಷ ಚಿಲ್ಲರೆ ಜನಸಂಖ್ಯೆಯ ದೇಶವದು, ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಈ ಕೆಲಸವನ್ನು ಇನ್ನು ಕಡಿಮೆ ಮಾಡುತ್ತೇನೆ ಅಥವಾ ಬಿಟ್ಟೇಬಿಡುತ್ತೇನೆ ಎಂದವರು ನಾಲ್ವರಲ್ಲಿ ಒಬ್ಬರು. ಈ ಲೆಕ್ಕದಲ್ಲಿ ಕೌಟುಂಬಿಕ, ಸಿವಿಲ್ ಕೇಸುಗಳವರೂ ಸೇರಿದ್ದಾರೆ ಅನ್ನಿ. ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ವಾಪಸು ಹೋಗುವವನ ಸ್ಥಿತಿಯೇ ಬೇರೆ. ವಕೀಲ ಸಿಗಲಿಲ್ಲವೆಂದು ಅವನು ಕೇಸನ್ನು ಕೈಬಿಡಲಾರ. ಕೇಸೇ ಅವನನ್ನು ಬಿಡುವುದಿಲ್ಲ.

ಬಿಟ್ಟು ಹೋಗುವವರ ಕಾರಣ ಯಾರಿಗಾದರೂ ಅರ್ಥವಾಗುತ್ತದೆ. ನನ್ನ ಕುತೂಹಲವಿರುವುದು ಉಳಿದವರ ಬಗ್ಗೆ. ದಣಿವು ಮಿತಿಮೀರಿದೆ ಎಂದು ಹೇಳುವ ಆರೋಪಿ ಪರ ವಕೀಲರೇ ಅದೇ ಉಸಿರಿನಲ್ಲಿ ಈ ಕೆಲಸ ಬಿಟ್ಟು ಬೇರೇನನ್ನೂ ಮಾಡಲಾರೆ ಎನ್ನುವುದುಂಟು. ಇವೆರಡೂ ಒಬ್ಬರೊಳಗೇ ಹೇಗೆ ಇರುತ್ತವೆ? ನೋಡುತ್ತ ಹೋದಂತೆ ನನಗೆ ಬಲವಾಗಿ ಅನಿಸಿದ್ದು ಇಷ್ಟು: ಆ ದೇಶದ ಕ್ರಿಮಿನಲ್ ನ್ಯಾಯ ವ್ಯವಸ್ಥೆ ನಡೆಯುತ್ತಿರುವುದೇ ಒಂದು ದೊಡ್ಡ ಪಾಲು ಈ ವಕೀಲರ ಕೆಲಸದ ಮೋಹದ ಮೇಲೆ. ಬಜೆಟ್ಟಿನ ಯಾವ ಕಲಮಿನಲ್ಲೂ ಕಾಣದ ಅನುದಾನ ಅದು.

ಅವರ ಒಂದು ದಿನ ಹೇಗಿರುತ್ತದೆ ನೋಡಿ. ದಕ್ಷಿಣ ಆಕ್ಲೆಂಡಿನ ಮನುಕಾವ್ ಜಿಲ್ಲಾ ನ್ಯಾಯಾಲಯ ದೇಶದ ಅತಿ ಗಿಜಿಗುಡುವ ಕೋರ್ಟುಗಳಲ್ಲೊಂದು. ವಾರಾಂತ್ಯದಲ್ಲಿ ಪೊಲೀಸರು ಹಿಡಿದು ತಂದವರೆಲ್ಲ ಸೋಮವಾರ ಬೆಳಗ್ಗೆ ಕೆಳಗಿನ ಸೆಲ್ಲುಗಳಲ್ಲಿರುತ್ತಾರೆ. ಅವರನ್ನು ಮೊದಲು ಮಾತಾಡಿಸುವವರು ಡ್ಯೂಟಿ ಲಾಯರ್. 1974ರಿಂದ ನಡೆದು ಬಂದಿರುವ ಏರ್ಪಾಡು ಇದು: ಸ್ವಂತ ವಕೀಲರಿಲ್ಲದೆ ಮೊದಲ ಹಾಜರಿಗೆ ಬಂದವರಿಗೆ ಆ ದಿನದ ಮಟ್ಟಿಗೆ ಸರ್ಕಾರದ ಖರ್ಚಿನಲ್ಲಿ ಒಬ್ಬ ವಕೀಲ. ಕೈಯಲ್ಲಿರುವುದು ಪೊಲೀಸರು ಬರೆದ ಒಂದೆರಡು ಪುಟದ ಸಾರಾಂಶ ಮತ್ತು ಹಳೆಯ ಶಿಕ್ಷೆಗಳ ಪಟ್ಟಿ. ಎದುರಿಗಿರುವಾತ ಕುಡಿತವೋ ಮಾದಕ ವಸ್ತುವೋ ಇಳಿಯುತ್ತಿರುವ ಹೊತ್ತಿನಲ್ಲಿರಬಹುದು, ತಲೆಗೆ ಹಳೆಯ ಪೆಟ್ಟು ಬಿದ್ದವನಿರಬಹುದು, ಓದಲು ಬಾರದವನಿರಬಹುದು. ಕೆಲವೇ ನಿಮಿಷಗಳಲ್ಲಿ ಅವನ ನಂಬಿಕೆ ಗಳಿಸಬೇಕು, ಕಥೆ ಕೇಳಬೇಕು, ಜಾಮೀನು ಕೇಳುವುದೋ ಬಿಡುವುದೋ ತೀರ್ಮಾನಿಸಬೇಕು. ಅಷ್ಟರಲ್ಲಿ ಮೇಲಿನಿಂದ ಕೂಗು ಬಂದಿರುತ್ತದೆ.

ಜಾಮೀನೆಂದರೆ ಅರ್ಜಿ ಬರೆದು ವಾದಿಸುವುದಷ್ಟೇ ಎಂದುಕೊಂಡರೆ ತಪ್ಪು. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಸಿಕೊಂಡು ಹೊರಗಿರುವ ಇಎಂ ಬೇಲ್ ಬೇಕಾದರೆ ಒಂದು ವಿಳಾಸ ಬೇಕು. ಆ ಮನೆಯವರು ಒಪ್ಪಬೇಕು, ಆ ಮನೆ ಸಂತ್ರಸ್ತರ ಮನೆಗೆ ಹತ್ತಿರವಿರಬಾರದು, ಅಲ್ಲಿ ಬೇರೆ ತಂಟೆ ಇರಬಾರದು. ವಿಳಾಸ ಹುಡುಕುವವರು ಯಾರು? ವಕೀಲರೇ. ಅತ್ತೆಗೆ ಫೋನು, ಚಿಕ್ಕಪ್ಪನಿಗೆ ಫೋನು, ಊರ ಚರ್ಚಿನವರಿಗೆ ಫೋನು. ಈಚಿನ ವರ್ಷಗಳಲ್ಲಿ ಅಲ್ಲಿನ ಜೈಲುಗಳಲ್ಲಿರುವ ಹತ್ತು ಜನರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಇನ್ನೂ ವಿಚಾರಣೆಯನ್ನೋ ಶಿಕ್ಷೆಯನ್ನೋ ಕಾಯುತ್ತಿರುವವರು. ಜನಸಂಖ್ಯೆಯಲ್ಲಿ ಆರನೇ ಒಂದರಷ್ಟಿರುವ ಮಾವೊರಿಗಳು ಜೈಲಿನಲ್ಲಿ ಅರ್ಧಕ್ಕಿಂತ ಹೆಚ್ಚು. ವಕೀಲರು ದಿನವೂ ನೋಡುವುದು ಕಾನೂನಿನ ಸಮಸ್ಯೆಯನ್ನಷ್ಟೇ ಅಲ್ಲ. ಮನೆ, ಕುಡಿತ, ಮನೋರೋಗ, ತಲೆಮಾರುಗಳ ಬಡತನ ಎಲ್ಲವೂ ಆರೋಪ ಪತ್ರದ ಹಿಂದೆ ಸಾಲುಗಟ್ಟಿ ಬರುತ್ತವೆ. ಅವುಗಳಿಗೆ ತಗಲುವ ಹೊತ್ತಿಗೆ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಜಾಗವಿಲ್ಲ.

ಆಮೇಲೆ ಕಾಗದ. 2008ರ ಕ್ರಿಮಿನಲ್ ಡಿಸ್‌ಕ್ಲೋಷರ್ ಕಾಯ್ದೆಯಂತೆ ಕೇಸು ಹೂಡಿದ 21 ದಿನಗಳೊಳಗೆ ಪೊಲೀಸರು ಮೊದಲ ಕಂತಿನ ದಾಖಲೆಗಳನ್ನು ಆರೋಪಿಯ ಕಡೆಗೆ ಕೊಡಬೇಕು, ತಪ್ಪೊಪ್ಪಿಕೊಳ್ಳದಿದ್ದರೆ ಉಳಿದದ್ದನ್ನೂ ಆದಷ್ಟು ಬೇಗ ಕೊಡಬೇಕು. ಆ ಕಾಯ್ದೆ ಬಂದಾಗ ದಾಖಲೆ ಎಂದರೆ ಹೆಚ್ಚಾಗಿ ಕಾಗದದ ಕಟ್ಟು. ಈಗ ಸಿಸಿಟಿವಿ ತುಣುಕುಗಳು, ವಿಡಿಯೊ ಹೇಳಿಕೆಗಳು, ಒಂದು ಮೊಬೈಲಿನಿಂದ ಇಳಿಸಿಕೊಂಡ ಸಾವಿರಾರು ಸಂದೇಶಗಳು. ಅಷ್ಟನ್ನೂ ನೋಡದೆ ಬಿಡುವಂತಿಲ್ಲ, ಕಕ್ಷಿದಾರನ ಪಾರುದಾರಿ ಅದರಲ್ಲೇ ಎಲ್ಲೋ ಇರಬಹುದು. ಮಕ್ಕಳ ಮೇಲಿನ ದೌರ್ಜನ್ಯದ ಕೇಸಾದರೆ ಆ ಮಗುವಿನ ವಿಡಿಯೊ ಹೇಳಿಕೆಯನ್ನು ಮತ್ತೆ ಮತ್ತೆ ನೋಡಬೇಕು, ಅದೂ ಪಾಟೀಸವಾಲಿನಲ್ಲಿ ಬಿಡಿಸಬೇಕಾದ ಎಳೆ ಹುಡುಕುವ ಕಣ್ಣಿನಿಂದ. ಇದನ್ನು ಮಾಡಿ ಮನೆಗೆ ಹೋಗಿ ಸ್ವಂತ ಮಕ್ಕಳಿಗೆ ಊಟ ಬಡಿಸುವವರ ಮನಸ್ಸಿನ ಬಗ್ಗೆ ನಾವು ಓದುಗರು ಯೋಚಿಸುವುದು ಕಡಿಮೆ. ಸಂತ್ರಸ್ತರ ನೋವು ದೊಡ್ಡದು, ಅದರ ಮುಂದೆ ಇವರದು ಹೇಳಿಕೊಳ್ಳುವಂಥದ್ದಲ್ಲ ಎಂದು ಅವರಿಗೂ ಅನಿಸುತ್ತದೆ. ಅದಕ್ಕೇ ಹೇಳಿಕೊಳ್ಳುವುದೂ ಇಲ್ಲ.

ರಾತ್ರಿಯೂ ಅವರದಲ್ಲ. ಬಂಧಿತನಿಗೆ ತಡಮಾಡದೆ ವಕೀಲರೊಡನೆ ಮಾತಾಡುವ ಹಕ್ಕನ್ನು 1990ರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ಆ ಹಕ್ಕು ನಡೆಯಬೇಕಾದರೆ ಫೋನಿನ ಇನ್ನೊಂದು ತುದಿಯಲ್ಲಿ ಒಬ್ಬರು ಎಚ್ಚರವಿರಬೇಕು. ಠಾಣೆಗಳಲ್ಲಿ ವಕೀಲರ ಪಟ್ಟಿ ಇರುತ್ತದೆ. ಮಧ್ಯರಾತ್ರಿ ಎರಡು ಗಂಟೆಗೂ ಕರೆ ಬರುತ್ತದೆ.

ಇಷ್ಟೆಲ್ಲಕ್ಕೆ ಕೂಲಿ ಹೇಗೆ ಗೊತ್ತಾಗುತ್ತದೆ ಎನ್ನುವುದರಲ್ಲೇ ನಿಜವಾದ ಕಥೆಯಿದೆ. 2009ರಲ್ಲಿ ಡೇಮ್ ಮಾರ್ಗರೆಟ್ ಬೇಜ್ಲಿ ಎಂಬ ಹಿರಿಯ ಆಡಳಿತಗಾರ್ತಿ ಕಾನೂನು ನೆರವಿನ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರು. ವರದಿ ಬಾಂಬಿನಂತೆ ಸಿಡಿಯಿತು. ಮನುಕಾವ್‌ನಲ್ಲಿ ಕಚೇರಿಯೇ ಇಲ್ಲದೆ ಕಾರಿನ ಡಿಕ್ಕಿಯಲ್ಲಿ ಫೈಲಿಟ್ಟುಕೊಂಡು ತಿರುಗುವ ವಕೀಲರಿದ್ದಾರೆ ಎಂದು ಅದು ಹೇಳಿತು. ಅಲ್ಲಿನ ಶೇ 80ರಷ್ಟು ವಕೀಲರು ವ್ಯವಸ್ಥೆಯನ್ನು ದುರುಪಯೋಗ ಮಾಡಿಕೊಳ್ಳುತ್ತಿರಬಹುದು ಎಂದು ಕೆಲವರು ತಮಗೆ ಹೇಳಿದ್ದಾಗಿ ಬರೆದಿತ್ತು. ಪ್ರಾಮಾಣಿಕವಾಗಿ ದುಡಿಯುತ್ತಿದ್ದವರಿಗೆ ಮೈಯೆಲ್ಲ ಉರಿಯಿತು. ಆದರೆ ಜನ ನೆನಪಿಟ್ಟುಕೊಂಡದ್ದು ಕಾರಿನ ಡಿಕ್ಕಿಯನ್ನೇ. ಕಳಪೆ ವಕೀಲರಿರಲಿಲ್ಲ ಎಂದು ನಾನು ಹೇಳುತ್ತಿಲ್ಲ; ಯಾವ ಕೋರ್ಟಿನ ಆವರಣದಲ್ಲಿ ಇಲ್ಲ? ಆದರೆ ಮುಂದೆ ಬಂದ ಮದ್ದು ಕಳಪೆಯವರಿಗೂ ಒಳ್ಳೆಯವರಿಗೂ ಒಂದೇ ಆಗಿತ್ತು.

2011ರಲ್ಲಿ ಹೊಸ ಕಾನೂನು ಸೇವೆಗಳ ಕಾಯ್ದೆ ಬಂತು. ಸ್ವತಂತ್ರವಾಗಿದ್ದ ನೆರವಿನ ಸಂಸ್ಥೆಯನ್ನು ಮುಚ್ಚಿ ಕೆಲಸವನ್ನು ನ್ಯಾಯ ಸಚಿವಾಲಯದೊಳಗೆ ತಂದರು. 2012ರಲ್ಲಿ ಕ್ರಿಮಿನಲ್ ಕೇಸುಗಳಿಗೆ ನಿಗದಿತ ಶುಲ್ಕ ಜಾರಿಯಾಯಿತು. ಹೆಚ್ಚಿನ ಕೇಸುಗಳಲ್ಲಿ ಗಂಟೆಯ ಲೆಕ್ಕ ಹೋಗಿ ಹಂತದ ಲೆಕ್ಕ ಬಂತು: ಈ ಹಂತಕ್ಕೆ ಇಷ್ಟು, ಆ ಹಂತಕ್ಕೆ ಅಷ್ಟು. ಕಕ್ಷಿದಾರನನ್ನು ಜೈಲಿಗೆ ಹೋಗಿ ನಾಲ್ಕು ಸಲ ಕಂಡವರಿಗೂ ಕೋರ್ಟಿನ ಕಾರಿಡಾರಿನಲ್ಲಿ ಒಂದೇ ಸಲ ಕಂಡವರಿಗೂ ಸಾಮಾನ್ಯವಾಗಿ ಅಷ್ಟೇ ಹಣ. ಇದಕ್ಕೆ ಜೊತೆಯಾಗಿ ಇನ್ನೊಂದು ಬದಲಾವಣೆ ಬಂತು, ನನ್ನ ಮಟ್ಟಿಗೆ ಅದು ಹಣಕ್ಕಿಂತ ದೊಡ್ಡದು. ಕೆಳಹಂತದ ಆರೋಪಗಳಲ್ಲಿ ತನಗೆ ಬೇಕಾದ ವಕೀಲರನ್ನು ಕೇಳುವ ಅವಕಾಶ ಕಕ್ಷಿದಾರನಿಗೆ ತಪ್ಪಿತು; ಸರದಿಯ ಪ್ರಕಾರ ಯಾರ ಹೆಸರು ಬರುತ್ತದೋ ಅವರೇ. ಗಂಭೀರ ಆರೋಪಗಳಲ್ಲಿ ಮಾತ್ರ ಆಯ್ಕೆ ಉಳಿಯಿತು. ಹಿಂದೆ ಒಂದು ಊರಿನ ವಕೀಲರಿಗೆ ಒಂದು ಕುಟುಂಬದ ಅಣ್ಣ, ತಮ್ಮ, ಆಮೇಲೆ ಅಣ್ಣನ ಮಗ ಎಲ್ಲರ ಪರಿಚಯವಿರುತ್ತಿತ್ತು. ಆ ಪರಿಚಯ ಎಷ್ಟೋ ಹೊತ್ತನ್ನು ಉಳಿಸುತ್ತಿತ್ತು, ಕೆಲಸಕ್ಕೊಂದು ಅರ್ಥವನ್ನೂ ಕೊಡುತ್ತಿತ್ತು. ಸರದಿ ಬಂದ ಮೇಲೆ ಪ್ರತಿ ಸಲವೂ ಹೊಸ ಮುಖ, ಮತ್ತೆ ಮೊದಲಿನಿಂದ. ಕ್ರಿಮಿನಲ್ ಬಾರ್ ಅಸೋಸಿಯೇಷನ್ ನಿಗದಿತ ಶುಲ್ಕದ ನೀತಿಯನ್ನು ಪ್ರಶ್ನಿಸಿ 2013ರಲ್ಲಿ ಕೋರ್ಟ್ ಆಫ್ ಅಪೀಲ್ ತನಕ ಹೋಯಿತು. ಸ್ವಂತ ಕೂಲಿಗಾಗಿ ವಕೀಲರೇ ಕಕ್ಷಿದಾರರಾಗಿ ನಿಲ್ಲುವ ದೃಶ್ಯ ಅಪರೂಪದ್ದು.

ಮನಶ್ಶಾಸ್ತ್ರಜ್ಞರು ಇದನ್ನೆಲ್ಲ ಅಳೆಯುವ ಕೋಲೊಂದನ್ನು ಇಟ್ಟುಕೊಂಡಿದ್ದಾರೆ. ಅಮೆರಿಕದ ಕ್ರಿಸ್ಟಿನಾ ಮಸ್ಲಾಕ್ ಕೆಲಸದ ಬಳಲಿಕೆಯನ್ನು ಮೂರು ಎಳೆಯಾಗಿ ಬಿಡಿಸಿದರು: ಬತ್ತಿಹೋಗುವುದು, ಎಲ್ಲರ ಬಗ್ಗೆ ಸಿನಿಕರಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಹಾಲೆಂಡಿನ ಊಟ್ರೆಕ್ಟ್‌ನಲ್ಲಿ ವಿಲ್ಮಾರ್ ಶೌಫೆಲಿ ಮತ್ತು ಸಂಗಡಿಗರು ಅದರ ಎದುರು ಬದಿಯನ್ನು ಅಳೆದರು: ಹುರುಪು, ನಿಷ್ಠೆ, ಕೆಲಸದಲ್ಲಿ ಮೈಮರೆಯುವುದು. 2001ರ ಸುಮಾರಿಗೆ ಅದೇ ಬಳಗದಿಂದ ಬಂದ ಸಿದ್ಧಾಂತದ ತಿರುಳು ಸರಳ. ಕೆಲಸ ನಮ್ಮಿಂದ ಬೇಡುವುದು ಒಂದು ಕಡೆ, ಕೆಲಸ ನಮಗೆ ಕೊಡುವುದು ಇನ್ನೊಂದು ಕಡೆ. ಬೇಡಿಕೆ ಹೆಚ್ಚಿದರೆ ಬಳಲಿಕೆ. ಸ್ವಾತಂತ್ರ್ಯ, ಜೊತೆಗಾರರ ಆಸರೆ, ಮಾಡಿದ್ದರ ಫಲ ಕಾಣುವುದು ಇವೆಲ್ಲ ಇದ್ದರೆ ತೊಡಗುವಿಕೆ. ನ್ಯೂಜಿಲೆಂಡಿನ ವನೆಸ್ಸಾ ಹಾಪ್‌ಕಿನ್ಸ್ ಮತ್ತು ಡಯಾನ್ ಗಾರ್ಡ್ನರ್ 2012ರಲ್ಲಿ ಅಲ್ಲಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ವಕೀಲರ ಬಗ್ಗೆ ಇದೇ ಚೌಕಟ್ಟಿನ ಅಧ್ಯಯನ ಪ್ರಕಟಿಸಿದರು. ಕೆಲಸದ ಸ್ವರೂಪ ಮನಸ್ಸಿನ ಕ್ಷೋಭೆಯಾಗಿ ಮಾರ್ಪಡುವ ದಾರಿಯಲ್ಲಿ ಬಳಲಿಕೆ, ತೊಡಗುವಿಕೆ ಎರಡೂ ಏನು ಮಾಡುತ್ತವೆ ಎನ್ನುವುದು ಅವರ ಪ್ರಶ್ನೆಯಾಗಿತ್ತು. ನಿಗದಿತ ಶುಲ್ಕ ಜಾರಿಯಾದ ವರ್ಷವೂ ಅದೇ 2012 ಎನ್ನುವುದು ಕಾಕತಾಳೀಯವಿದ್ದೀತು. ಆದರೆ ಆ ಚೌಕಟ್ಟಿನಲ್ಲಿಟ್ಟು ನೋಡಿದರೆ ಸರ್ಕಾರ ಮಾಡಿದ್ದೇನು ಎಂಬುದು ಸ್ಪಷ್ಟವಾಗುತ್ತದೆ. ಬೇಡಿಕೆಯನ್ನು ಅದು ಇಳಿಸಲಿಲ್ಲ. ಕೊಡುವ ಕಡೆಯಲ್ಲಿದ್ದ ಸ್ವಾತಂತ್ರ್ಯ, ಕಕ್ಷಿದಾರನ ನಂಟು, ಮೊದಲಿನಿಂದ ಕೊನೆಯವರೆಗೆ ಒಂದು ಕೇಸನ್ನು ತನ್ನದೆಂದು ಕಟ್ಟುವ ತೃಪ್ತಿ ಇವನ್ನೇ ಕತ್ತರಿಸಿತು.

ಆದರೂ ಈ ಸಿದ್ಧಾಂತದಲ್ಲಿ ನನಗೊಂದು ಅತೃಪ್ತಿಯಿದೆ. ತೊಡಗುವಿಕೆ ಬಳಲಿಕೆಗೆ ಮದ್ದು ಎಂಬ ಧಾಟಿ ಅದರಲ್ಲಿದೆ. ಆರೋಪಿ ಪರ ವಕೀಲರಲ್ಲಿ ಅದೇ ವಿಷವೂ ಆಗಬಲ್ಲದು. ಗ್ರೆಗ್ ಕಿಂಗ್ ಅವರ ಬದುಕು ಕಣ್ಣ ಮುಂದಿದೆ.

ಕಿಂಗ್ ಟುರಂಗಿ ಎಂಬ ಸಣ್ಣ ಊರಿನವರು. ಒಟಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು, ಹೆಸರಾಂತ ವಕೀಲೆ ಜುಡಿತ್ ಅಬ್ಲೆಟ್-ಕರ್ ಅವರ ಗರಡಿಯಲ್ಲಿ ಪಳಗಿದರು, ವೆಲಿಂಗ್ಟನ್ನಿನಲ್ಲಿ ನೆಲೆನಿಂತರು. ನಲವತ್ತರ ಆಸುಪಾಸಿನಲ್ಲೇ ದೇಶದ ಅತಿ ಬೇಡಿಕೆಯ ಕೊಲೆ ಕೇಸುಗಳ ವಕೀಲರಲ್ಲಿ ಒಬ್ಬರಾದರು. ಟಿವಿಯಲ್ಲಿ 'ದಿ ಕೋರ್ಟ್ ರಿಪೋರ್ಟ್' ಎಂಬ ಕಾರ್ಯಕ್ರಮ ನಡೆಸಿ ಕೋರ್ಟಿನ ಕೆಲಸವನ್ನು ಜನರಿಗೆ ತಿಳಿಯುವಂತೆ ಹೇಳುತ್ತಿದ್ದರು. 2009ರಲ್ಲಿ ಡ್ಯುನೆಡಿನ್‌ನ ಅರ್ಥಶಾಸ್ತ್ರ ಬೋಧಕ ಕ್ಲೇಟನ್ ವೆದರ್‌ಸ್ಟನ್ ತನ್ನ ಹಿಂದಿನ ಗೆಳತಿಯನ್ನು ಕೊಂದ ಕೇಸಿನ ವಿಚಾರಣೆ ನಡೆದಾಗ ಅಬ್ಲೆಟ್-ಕರ್ ಜೊತೆ ಕಿಂಗ್ ಕೂಡ ಆರೋಪಿಯ ಕಡೆಯಲ್ಲಿದ್ದರು. ಕೆರಳಿಸಿದ್ದರಿಂದ ಕೊಂದೆ ಎಂಬ ಆ ವಾದ ದೇಶವನ್ನೇ ಕೆರಳಿಸಿತು. ಅದೇ ವರ್ಷ ಸಂಸತ್ತು ಆ ಭಾಗಶಃ ರಕ್ಷಣೆಯನ್ನೇ ಕಾನೂನಿನಿಂದ ತೆಗೆದುಹಾಕಿತು. ಕಾನೂನು ಆಗ ಒಪ್ಪಿದ್ದ ವಾದವನ್ನು ಕಕ್ಷಿದಾರನ ಪರವಾಗಿ ಮಂಡಿಸಿದ್ದಕ್ಕೆ ಬಂದ ಬೈಗುಳ ಮಾತ್ರ ವಕೀಲರ ಪಾಲಿಗೆ ಉಳಿಯಿತು.

2012ರಲ್ಲಿ ಇವನ್ ಮ್ಯಾಕ್‌ಡೊನಾಲ್ಡ್ ಕೇಸು. ಫೀಲ್ಡಿಂಗ್ ಎಂಬ ಊರಿನ ರೈತ ಸ್ಕಾಟ್ ಗೈ 2010ರ ಜುಲೈಯಲ್ಲಿ ತನ್ನ ಜಮೀನಿನ ಗೇಟಿನ ಬಳಿ ಗುಂಡಿಗೆ ಬಲಿಯಾಗಿದ್ದ. ಆರೋಪ ಬಿದ್ದದ್ದು ಅವನ ಭಾವ ಮ್ಯಾಕ್‌ಡೊನಾಲ್ಡ್ ಮೇಲೆ. ವಾರಗಟ್ಟಲೆ ದೇಶವೇ ಟಿವಿ ಮುಂದೆ ಕೂತು ವಿಚಾರಣೆ ನೋಡಿತು. ಜುಲೈ 3ರಂದು ಜ್ಯೂರಿ ಕೊಲೆ ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಕಿಂಗ್ ಅವರ ವೃತ್ತಿಯ ದೊಡ್ಡ ಗೆಲುವು ಅದು. ನಾಲ್ಕು ತಿಂಗಳಾಗುತ್ತಿದ್ದಂತೆ, ನವೆಂಬರ್ 3ರಂದು, ಅವರು ತೀರಿಕೊಂಡರು. ವಯಸ್ಸು 43.

ಸಾವು ಸ್ವಂತ ಕೈಯಿಂದಾದದ್ದು ಎಂದು ಹೇಳಲು ಆಗ ನ್ಯೂಜಿಲೆಂಡಿನಲ್ಲಿ ಪತ್ರಿಕೆಗಳಿಗೆ ಸ್ವಾತಂತ್ರ್ಯವಿರಲಿಲ್ಲ. ಕರೋನರ್ ಅನುಮತಿ ಬೇಕಿತ್ತು. ಒಂದು ವರ್ಷದ ನಂತರ ಕರೋನರ್ ಗ್ಯಾರಿ ಇವಾನ್ಸ್ ತಮ್ಮ ತೀರ್ಮಾನವನ್ನು ಹೊರಗಿಟ್ಟರು. ಕಿಂಗ್ ಬರೆದಿಟ್ಟಿದ್ದ ಪತ್ರದಲ್ಲಿ ತಾನು ಪೂರ್ತಿ ಬತ್ತಿಹೋಗಿರುವುದನ್ನೂ, ಖಿನ್ನತೆಯನ್ನೂ, ತಾನು ನಡೆಸಿದ ಕೊಲೆ ಕೇಸುಗಳ ಸತ್ತವರು ತನ್ನನ್ನು ಕಾಡುತ್ತಿರುವುದನ್ನೂ ಹೇಳಿಕೊಂಡಿದ್ದರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ, ಕರೋನರ್ ಕೂಡ ಹಾಗೆ ಮಾಡಲಿಲ್ಲ. ಆದರೆ ಸತ್ತವರು ಕಾಡುತ್ತಾರೆ ಎಂಬ ಮಾತನ್ನು ನಾನು ದಾಟಿ ಹೋಗಲಾರೆ. ಆರೋಪಿಯ ವಕೀಲನಿಗೆ ಸತ್ತವರ ಬಗ್ಗೆ ಕನಿಕರವಿಲ್ಲ ಎಂದು ಟಿವಿ ಮುಂದೆ ಕೂತವರು ನಂಬುತ್ತಾರೆ. ಇಲ್ಲಿ ಒಬ್ಬಾತ ಅವರನ್ನೆಲ್ಲ ಒಳಗೇ ಹೊತ್ತು ತಿರುಗುತ್ತಿದ್ದ. ಕೆಲಸದಲ್ಲಿ ಮೈಮರೆಯುವುದನ್ನು ಊಟ್ರೆಕ್ಟಿನ ಮಾಪಕ ಒಳ್ಳೆಯ ಅಂಕವಾಗಿ ಎಣಿಸುತ್ತದೆ. ಕಿಂಗ್ ಅವರಿಗೆ ಆ ಮಾಪಕ ಕೊಟ್ಟಿದ್ದರೆ ಪೂರ್ಣಾಂಕ ಬರುತ್ತಿತ್ತೇನೋ.

(ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ಅಂಥ ಅಂಚಿಗೆ ಬಂದಿದ್ದರೆ ನಮ್ಮಲ್ಲಿ ಟೆಲಿ-ಮಾನಸ್ 14416, ನ್ಯೂಜಿಲೆಂಡಿನಲ್ಲಿ 1737 ಹಗಲು ರಾತ್ರಿ ಸಿಗುತ್ತವೆ. ನ್ಯೂಜಿಲೆಂಡಿನ ವಕೀಲರಿಗೆ ಲಾ ಸೊಸೈಟಿಯ ಗೌಪ್ಯ ಆಪ್ತಸಲಹೆಯೂ ಇದೆ.)

ಅದೇ ಮೋಹದ ಇನ್ನೊಂದು ಮುಖವನ್ನೂ ನೋಡಬೇಕು, ಇಲ್ಲವಾದರೆ ಈ ವೃತ್ತಿಗೆ ಅನ್ಯಾಯವಾಗುತ್ತದೆ. ಕ್ರೈಸ್ಟ್‌ಚರ್ಚಿನ ಶಿಶುವಿಹಾರದ ಕೆಲಸಗಾರ ಪೀಟರ್ ಎಲ್ಲಿಸ್ ಮಕ್ಕಳ ಮೇಲಿನ ದೌರ್ಜನ್ಯದ ಆರೋಪದಲ್ಲಿ 1993ರಲ್ಲಿ ಶಿಕ್ಷೆಗೊಳಗಾದರು. ಮೊದಲಿನಿಂದ ಕೊನೆವರೆಗೂ ತಾನು ಮಾಡಿಲ್ಲ ಎಂದರು. ವಿಚಾರಣೆಯಲ್ಲಿ ಅವರ ಪರವಾಗಿದ್ದ ರಾಬ್ ಹ್ಯಾರಿಸನ್ ಸುಮಾರು ಮೂರು ದಶಕದ ನಂತರ ಸುಪ್ರೀಂ ಕೋರ್ಟಿನಲ್ಲೂ ಅವರ ಪರವಾಗಿ ನಿಂತರು. ನಡುವೆ, 2019ರ ಸೆಪ್ಟೆಂಬರಿನಲ್ಲಿ, ಎಲ್ಲಿಸ್ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸತ್ತವನ ಮೇಲ್ಮನವಿ ಮುಂದುವರಿಯಬಹುದೇ? ಮಾವೊರಿ ಸಂಪ್ರದಾಯವಾದ ಟಿಕಾಂಗದಲ್ಲಿ ಮನುಷ್ಯನ ಮಾನ ಅವನ ಸಾವಿನೊಂದಿಗೆ ಮುಗಿಯುವುದಿಲ್ಲ ಎಂಬುದರ ಮೇಲೂ ವಾದ ನಡೆಯಿತು. 2020ರಲ್ಲಿ ಕೋರ್ಟು ಮುಂದುವರಿಯಲಿ ಎಂದಿತು, 2022ರ ಅಕ್ಟೋಬರಿನಲ್ಲಿ ಶಿಕ್ಷೆಗಳನ್ನೆಲ್ಲ ರದ್ದುಮಾಡಿತು. ಟೀನಾ ಪೋರಾ ಎಂಬ ಮಾವೊರಿ ಯುವಕ 17ರ ಹರೆಯದಲ್ಲಿ ಬಂಧಿತನಾಗಿ ಮಾಡದ ಕೊಲೆಗೆ ಎರಡು ಸಲ, 1994ರಲ್ಲಿ ಮತ್ತು 2000ದಲ್ಲಿ, ಅಪರಾಧಿ ಎನಿಸಿಕೊಂಡವನು. ಮಾಜಿ ಪೊಲೀಸ್ ಟಿಮ್ ಮೆಕಿನೆಲ್, ವಕೀಲರಾದ ಜೊನಾಥನ್ ಕ್ರೆಬ್ಸ್ ಮತ್ತು ಇಂಗ್ರಿಡ್ ಸ್ಕ್ವೈರ್ ವರ್ಷಗಟ್ಟಲೆ ಬೆನ್ನುಬಿಡದೆ ಹೋರಾಡಿದ್ದರಿಂದ 2015ರ ಮಾರ್ಚಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪನ್ನು ರದ್ದುಮಾಡಿತು. ಹುಟ್ಟುವ ಮೊದಲೇ ತಾಯಿಯ ಕುಡಿತದಿಂದ ಅವನ ಮಿದುಳಿಗಾದ ಹಾನಿ ಅವನ ತಪ್ಪೊಪ್ಪಿಗೆಯನ್ನೇ ನಂಬಲಾಗದಂತೆ ಮಾಡಿತ್ತು ಎಂಬುದು ಅಲ್ಲಿ ನಿರ್ಣಾಯಕವಾಯಿತು. ಇಂಥದ್ದನ್ನು ಕಂಡುಹಿಡಿಯಲು ಕಕ್ಷಿದಾರನೊಂದಿಗೆ ಕೂತು ಮಾತಾಡುವ ಹೊತ್ತು ಬೇಕು. ಹಂತಕ್ಕಿಷ್ಟು ಎಂಬ ಶುಲ್ಕದಲ್ಲಿ ಆ ಹೊತ್ತು ಎಲ್ಲಿಂದ ಹುಟ್ಟಬೇಕು?

ಹೊರೆ ಕೇಸಿನಿಂದಷ್ಟೇ ಬರುವುದಿಲ್ಲ, ಪೀಠದಿಂದಲೂ ಬರುತ್ತದೆ. 2018ರಲ್ಲಿ ಕ್ರಿಮಿನಲ್ ಬಾರ್ ಅಸೋಸಿಯೇಷನ್ ನಡೆಸಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಶೇ 88ರಷ್ಟು ಮಂದಿ ಹಿಂದಿನ ನಾಲ್ಕು ವರ್ಷಗಳಲ್ಲಿ ಕಿರುಕುಳ ಅಥವಾ ದಬ್ಬಾಳಿಕೆಯನ್ನು ಅನುಭವಿಸಿದ್ದರು ಇಲ್ಲವೇ ಕಂಡಿದ್ದರು. ದಬ್ಬಾಳಿಕೆ ಮಾಡಿದವರೆಂದು ಅನೇಕರು ಹೇಳಿದ್ದು ನ್ಯಾಯಾಧೀಶರನ್ನೇ. ನ್ಯಾಯಾಧೀಶರ ಮೇಜಿನ ಮೇಲೂ ಅಷ್ಟೇ ಉದ್ದದ ಪಟ್ಟಿ ಇರುತ್ತದೆ, ಆ ಒತ್ತಡ ಕೆಳಗೆ ನಿಂತವರ ಮೇಲೆ ಇಳಿಯುತ್ತದೆ. ಆ ವರ್ಷವೇ ರಸೆಲ್ ಮೆಕ್ವೇ ಎಂಬ ದೊಡ್ಡ ವಾಣಿಜ್ಯ ವಕೀಲರ ಸಂಸ್ಥೆಯಲ್ಲಿ ನಡೆದ ಲೈಂಗಿಕ ಕಿರುಕುಳದ ಬಗ್ಗೆ ವಿಚಾರಣಾ ವರದಿ ಬಂತು; ಕಿರಿಯ ವಕೀಲರನ್ನು ಮಿತಿಮೀರಿ ದುಡಿಸುವ ಸಂಸ್ಕೃತಿಯನ್ನೂ ಅದು ಎತ್ತಿ ತೋರಿಸಿತು. ಬರೆದವರು ಅದೇ ಮಾರ್ಗರೆಟ್ ಬೇಜ್ಲಿ. ದೊಡ್ಡ ಸಂಸ್ಥೆಯ ಕಿರಿಯರಿಗೆ ದೂರು ಕೊಡಲು ಒಂದು ಎಚ್‌ಆರ್ ವಿಭಾಗವಾದರೂ ಇರುತ್ತದೆ. ಒಂಟಿಯಾಗಿ ವಕಾಲತ್ತು ನಡೆಸುವ ಕ್ರಿಮಿನಲ್ ವಕೀಲರು ನಾಳೆಯೂ ಅದೇ ನ್ಯಾಯಾಧೀಶರ ಮುಂದೆ ಬೇರೊಬ್ಬನ ಜಾಮೀನು ಕೇಳಬೇಕು.

ಸರ್ಕಾರ ಕಣ್ಣು ಮುಚ್ಚಿ ಕೂತಿದೆ ಎನ್ನಲಾಗದು. 2022ರ ಬಜೆಟ್ಟಿನಲ್ಲಿ ಕಾನೂನು ನೆರವಿಗೆ ನಾಲ್ಕು ವರ್ಷಗಳಿಗೆ 14.87 ಕೋಟಿ ಡಾಲರ್ ಸಿಕ್ಕಿತು, ಗಂಟೆಯ ದರ ಶೇ 12ರಷ್ಟು ಏರಿತು. 2004ರಲ್ಲಿ ಆಕ್ಲೆಂಡ್ ಮತ್ತು ಮನುಕಾವ್‌ನಲ್ಲಿ ಪ್ರಯೋಗವಾಗಿ ಶುರುವಾದ, ಸಂಬಳದ ವಕೀಲರಿರುವ ಪಬ್ಲಿಕ್ ಡಿಫೆನ್ಸ್ ಸರ್ವಿಸ್ ಈಗ ಹಲವು ನಗರಗಳಲ್ಲಿದೆ. ಮುಖ್ಯ ಜಿಲ್ಲಾ ನ್ಯಾಯಾಧೀಶ ಹೀಮಿ ಟೌಮೌನು 2020ರಲ್ಲಿ ಘೋಷಿಸಿದ 'ಟೆ ಆವೊ ಮಾರಮ' ಎಂಬ ಮಾದರಿ, ಕೋರ್ಟಿಗೆ ಬಂದವರೆಲ್ಲರ ಮಾತನ್ನು ಕೇಳಿಸಿಕೊಳ್ಳುವ ಕೋರ್ಟು ಬೇಕೆನ್ನುತ್ತದೆ.

ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ. ಶಿಕ್ಷೆ ವಿಧಿಸುವ ಮುನ್ನ ಅಪರಾಧಿಯ ಕುಟುಂಬ, ಸಮುದಾಯ, ಸಂಸ್ಕೃತಿಯ ಹಿನ್ನೆಲೆಯನ್ನು ಹೇಳಲು 2002ರ ಶಿಕ್ಷಾ ಕಾಯ್ದೆಯ 27ನೇ ಕಲಂ ಅವಕಾಶ ಕೊಡುತ್ತದೆ. ಆ ವರದಿಗಳಿಗೆ ನೆರವಿನ ಹಣ ಕೊಡುವುದನ್ನು 2024ರಲ್ಲಿ ನಿಲ್ಲಿಸಿದರು. ಹಿನ್ನೆಲೆ ಹೇಳಲೇಬೇಕಲ್ಲ, ಅದನ್ನು ಕಲೆಹಾಕುವ ಕೆಲಸ ವಕೀಲರ ಹೆಗಲಿಗೇ ಬಿತ್ತು. ಮತ್ತೆ ಮತ್ತೆ ಗಂಭೀರ ಅಪರಾಧ ಮಾಡಿದವರಿಗೆ ಶಿಕ್ಷೆಯನ್ನು ಗಟ್ಟಿಮಾಡುವ, 2022ರಲ್ಲಿ ರದ್ದಾಗಿದ್ದ 'ಮೂರು ಏಟಿನ' ಕಾನೂನು 2025ರಲ್ಲಿ ಮರಳಿತು. ಅದೇ ವರ್ಷ ಶಿಕ್ಷೆಯಲ್ಲಿ ನ್ಯಾಯಾಧೀಶರು ಕೊಡಬಹುದಾದ ಒಟ್ಟು ರಿಯಾಯಿತಿಗೆ ಶೇ 40ರ ಮಿತಿ ಬಿತ್ತು. ಶಿಕ್ಷೆ ಗಟ್ಟಿಯಾದಷ್ಟೂ ತಪ್ಪೊಪ್ಪಿಕೊಳ್ಳುವವರು ಯೋಚಿಸುತ್ತಾರೆ, ವಿಚಾರಣೆ ಕೇಳುವವರು ಹೆಚ್ಚುತ್ತಾರೆ, ಪ್ರತಿ ಕೇಸಿನ ಪಣವೂ ಏರುತ್ತದೆ. ಈ ಕಾನೂನುಗಳು ಸರಿಯೋ ತಪ್ಪೋ ಎಂಬ ಜಗಳ ಬೇರೆ. ಆದರೆ ಅವು ವಕೀಲರ ಗಂಟೆಗಳನ್ನು ತಿನ್ನುತ್ತವೆ.

ನಮ್ಮ ಕಡೆಯ ಕಥೆಯನ್ನು ಇಲ್ಲಿ ಒಂದಿಷ್ಟಾದರೂ ಹೇಳಬೇಕು. ಬಂದ ಕೇಸನ್ನು ಹಿಡಿಯಬೇಕೆಂಬ ನಿಯಮ ನಮ್ಮ ಬಾರ್ ಕೌನ್ಸಿಲಿನದೂ ಹೌದು. ಆದರೂ 2020ರ ಜನವರಿಯಲ್ಲಿ ಮೈಸೂರಿನಲ್ಲಿ ಫಲಕ ಹಿಡಿದು ರಾಜದ್ರೋಹದ ಆರೋಪ ಹೊತ್ತ ವಿದ್ಯಾರ್ಥಿನಿಯ ಪರ ಯಾರೂ ವಾದಿಸಬಾರದೆಂದೂ, ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಅದೇ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ನಿಲ್ಲಬಾರದೆಂದೂ ವಕೀಲರ ಸಂಘಗಳೇ ನಿರ್ಣಯ ಮಾಡಿದವು. ಹೈಕೋರ್ಟ್ ಛೀಮಾರಿ ಹಾಕಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಮೇಲೆ ಹೇಳಿದ ನ್ಯೂಜಿಲೆಂಡಿನ ಒತ್ತಡಗಳ ಪಟ್ಟಿಯಲ್ಲಿ ಸಹೋದ್ಯೋಗಿಗಳ ಇಂಥ ಬಹಿಷ್ಕಾರ ಇಲ್ಲ. ಹೊತ್ತಿನ ವಿಷಯದಲ್ಲಿ ಮಾತ್ರ ನಮ್ಮ ಸುಪ್ರೀಂ ಕೋರ್ಟು ಒಂದು ಅಂಕಿಯನ್ನೇ ಹೇಳಿದೆ. 2019ರ ಅನೋಖಿಲಾಲ್ ಪ್ರಕರಣದಲ್ಲಿ ಆರೋಪಿಗೆ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿ, ಎರಡು ವಾರದೊಳಗೆ ವಿಚಾರಣೆ ಮುಗಿಸಲಾಗಿತ್ತು. ಅದನ್ನು ರದ್ದುಮಾಡಿದ ಕೋರ್ಟು, ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಸಾಧ್ಯತೆಯಿರುವ ಕೇಸಿನಲ್ಲಿ ನೇಮಕಗೊಂಡ ವಕೀಲರಿಗೆ ತಯಾರಿಗೆ ಕನಿಷ್ಠ ಏಳು ದಿನ ಕೊಡಬೇಕೆಂದಿತು. 2022ರಿಂದ ನ್ಯೂಜಿಲೆಂಡಿನ ಸಂಬಳದ ವಕೀಲರ ಹಾಗೆ ನಮ್ಮ ಜಿಲ್ಲೆಗಳಲ್ಲೂ ಪೂರ್ಣಾವಧಿಯ ಕಾನೂನು ನೆರವು ರಕ್ಷಣಾ ವಕೀಲರು ಬರತೊಡಗಿದ್ದಾರೆ. ಅವರು ಖಾಸಗಿ ವಕಾಲತ್ತು ಮಾಡುವಂತಿಲ್ಲ. ಒಬ್ಬರ ಮೇಜಿನ ಮೇಲೆ ಎಷ್ಟು ಫೈಲಿರಬಹುದು ಎಂಬ ಪ್ರಶ್ನೆ ಅವರನ್ನೂ ಬೇಗನೆ ಮುಟ್ಟುತ್ತದೆ.

ನ್ಯೂಜಿಲೆಂಡಿನಲ್ಲಿ ವಕೀಲರು ಒಂದು ಕೇಸಿಗೆ ಎಷ್ಟು ಹೊತ್ತು ಕೊಟ್ಟರು ಎಂದು ಕಡ್ಡಾಯವಾಗಿ, ಪ್ರಮಾಣ ಮಾಡಿಸಿ ಕೇಳುವ ಜಾಗ ಒಂದಿದೆ. ಶಿಕ್ಷೆಯಾದವನು ತನ್ನ ವಕೀಲರ ತಪ್ಪಿನಿಂದಲೇ ಹೀಗಾಯಿತು ಎಂದು ಮೇಲ್ಮನವಿ ಹಾಕಬಹುದು. 2005ರ ಸುಂಗ್ಸುವಾನ್ ತೀರ್ಪಿನಿಂದ ಈಚೆಗೆ ಅಲ್ಲಿ ಕೋರ್ಟು ಮುಖ್ಯವಾಗಿ ನೋಡುವುದು ನ್ಯಾಯ ತಪ್ಪಿತೇ ಎಂಬುದನ್ನು. ಆಗ ಕಕ್ಷಿದಾರ ಗೌಪ್ಯತೆಯ ಹಕ್ಕನ್ನು ಬಿಟ್ಟುಕೊಡುತ್ತಾನೆ, ಹಳೆಯ ಫೈಲು ತೆರೆಯುತ್ತದೆ, ವಕೀಲರು ಪ್ರಮಾಣಪತ್ರ ಬರೆಯಬೇಕಾಗುತ್ತದೆ, ಕೆಲವೊಮ್ಮೆ ಸ್ವತಃ ಸಾಕ್ಷಿ ಕಟ್ಟೆ ಹತ್ತಿ ಇನ್ನೊಬ್ಬ ವಕೀಲರ ಪಾಟೀಸವಾಲಿಗೆ ಉತ್ತರಿಸಬೇಕಾಗುತ್ತದೆ. ಎಷ್ಟು ಸಲ ಭೇಟಿಯಾದಿರಿ? ಆ ವಿಡಿಯೊವನ್ನು ಪೂರ್ತಿ ನೋಡಿದ್ದಿರೇ? ಸಾಕ್ಷಿಗಟ್ಟೆ ಹತ್ತುವ ಹಕ್ಕಿನ ಬಗ್ಗೆ ಅವನಿಗೆ ತಿಳಿಸಿದ್ದು ಯಾವ ದಿನ, ಬರೆದಿಟ್ಟುಕೊಂಡಿದ್ದೀರಾ? ಸಂಬಳದ ಡಿಫೆನ್ಸ್ ಸರ್ವಿಸಿನಲ್ಲಿ ಹಿರಿಯರೊಬ್ಬರು ಇವೇ ಪ್ರಶ್ನೆಗಳನ್ನು ವಿಚಾರಣೆಗೆ ಮುಂಚೆಯೇ ಕೇಳುವ ಸಾಧ್ಯತೆಯಾದರೂ ಇದೆ. ಒಂಟಿ ವಕೀಲರಿಗೆ ಅವು ಬರುವುದು ಮೇಲ್ಮನವಿಯ ದಿನ, ಹಂತದ ಶುಲ್ಕವೆಲ್ಲ ಪಾವತಿಯಾಗಿ ಎಷ್ಟೋ ಕಾಲದ ಮೇಲೆ.